ಮುಂದಿನ ಮುಕ್ಕಾಂ ಎಷ್ಟು ದೂರ: ದ್ರಾಕ್ಷಿ ತೋಟದ ಒಂದು ಬೇಸಿಗೆಯ ಪ್ರಕರಣ

ಇದು 2024ರ ಬೇಸಿಗೆಯಲ್ಲಿ ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಡೆದದ್ದು. ಆ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬದಲಿಸಿದ್ದೇನೆ, ಊರಿನ ಹೆಸರು ಬಿಟ್ಟಿದ್ದೇನೆ, ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಅದಲು ಬದಲು ಮಾಡಿದ್ದೇನೆ. ಆಪ್ತ ಸಮಾಲೋಚನೆ ಮಾಡುವವರು, ಆಶಾ ಕಾರ್ಯಕರ್ತೆಯರು, ಮಠದಲ್ಲೋ ಮಸೀದಿಯಲ್ಲೋ ಕೂತು ಜನರ ಕಷ್ಟ ಕೇಳುವವರು ಇದನ್ನು ಓದಲಿ ಎಂಬುದು ನನ್ನ ಆಸೆ. ಬೇಸಿಗೆ ಬಂತೆಂದರೆ ನಮ್ಮ ಕಡೆ ಇಂಥ ಮನೆ ಊರಿಗೆ ಒಂದಾದರೂ ಇರುತ್ತದೆ.

ಹಿನ್ನೆಲೆ

ಈರಪ್ಪಣ್ಣನವರಿಗೆ ಆಗ 54 ವರ್ಷ. ನಾಲ್ಕು ಎಕರೆ ದ್ರಾಕ್ಷಿ, ಸ್ವಲ್ಪ ಜೋಳದ ಹೊಲ. ಹೆಂಡತಿ ನೀಲವ್ವ. ಮಗ ಪುಣೆಯಲ್ಲಿ ಕೆಲಸಕ್ಕಿದ್ದಾನೆ, ಮಗಳ ಮದುವೆಯಾಗಿದೆ. ತಮ್ಮನ ಮನೆ ಪಕ್ಕದಲ್ಲೇ. ಆರು ವರ್ಷದಿಂದ ಬಿಪಿ ಗುಳಿಗೆ ನುಂಗುತ್ತಿದ್ದರು. ಕುಡಿತ ಇಲ್ಲ, ಯಾವ ಚಟವೂ ಇಲ್ಲ. ಊರಲ್ಲಿ ಒಳ್ಳೆಯ ಹೆಸರು.

ತಿಕೋಟಾ, ಬಬಲೇಶ್ವರ ಕಡೆಯ ತೋಟಗಳನ್ನು ನೋಡಿದವರಿಗೆ ಗೊತ್ತು, ದ್ರಾಕ್ಷಿ ಬೆಳೆಯುವವರಿಗೆ ಬೇಸಿಗೆ ಬಿಡುವಿನ ಕಾಲ ಅಲ್ಲ. ಫೆಬ್ರುವರಿಯಿಂದ ಕಟಾವು ಶುರು. ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವಿ, ನೆರಳಲ್ಲಿ ಎರಡು ವಾರದಷ್ಟು ಒಣಗಿಸಬೇಕು. ಸುಮಾರು 4 ಕಿಲೋ ಹಣ್ಣಿಗೆ 1 ಕಿಲೋ ಒಣದ್ರಾಕ್ಷಿ. ಆ ದಿನಗಳಲ್ಲಿ ಒಂದು ಅಡ್ಡ ಮಳೆ ಬಿದ್ದರೂ ಬಣ್ಣ ಕೆಡುತ್ತದೆ, ದರ ಬೀಳುತ್ತದೆ. ಕಟಾವು ಮುಗಿಯುತ್ತಿದ್ದಂತೆ ಏಪ್ರಿಲ್ ಚಾಟ್ನಿ. ಬಳ್ಳಿಯನ್ನು ಮೋಟು ಮಾಡಿ ಸವರಿ, ಹೊಸ ಕಡ್ಡಿ ಬರಿಸುವ ಕೆಲಸ. ಆಗಲೇ ನೀರು ಜಾಸ್ತಿ ಬೇಕು, ಆಗಲೇ ಬೋರ್‌ವೆಲ್ ಬತ್ತುತ್ತವೆ.

ಅಂದರೆ ಒಂದೇ ಮನಸ್ಸು ಶೆಡ್ಡಿನಲ್ಲಿ ನಿಂತಾಗ ಮಳೆ ಬೇಡ ಅಂತ ಬೇಡಿಕೊಳ್ಳುತ್ತದೆ, ಬೋರಿನ ಮುಂದೆ ನಿಂತಾಗ ಮಳೆ ಬರಲಿ ಅಂತ ಬೇಡಿಕೊಳ್ಳುತ್ತದೆ. ಇದನ್ನು ನನಗೆ ಹೇಳಿದ್ದು ನೀಲವ್ವ. ಅದಕ್ಕಿಂತ ಚೆನ್ನಾಗಿ ಅವರ ಒತ್ತಡವನ್ನು ಯಾರೂ ಹೇಳಲಾರರು ಅನ್ನಿಸುತ್ತದೆ.

2023ರ ಮುಂಗಾರು ಕೈಕೊಟ್ಟಿತ್ತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದ ವರ್ಷ ಅದು. ಈರಪ್ಪಣ್ಣನ ಮೂರು ಬೋರ್‌ಗಳಲ್ಲಿ ಎರಡು ಜನವರಿಗೇ ನಿಂತವು. ಮೂರನೆಯದು ದಿನಕ್ಕೆ ಒಂದು ಗಂಟೆ ಹೊಡೆದು ಗಾಳಿ ಉಗುಳುತ್ತಿತ್ತು. ಟ್ಯಾಂಕರ್ ನೀರು ಹಾಕಿಸಿ ಹಣ್ಣು ಉಳಿಸಿಕೊಂಡಿದ್ದರು. ಸೊಸೈಟಿಯ ಸಾಲದ ಜೊತೆಗೆ ಕೈಗಡ ಸೇರಿ ಆರು ಲಕ್ಷದ ಮೇಲಿತ್ತು.

ಇನ್ನೊಂದು ವಿಷಯ ನನಗೆ ಮೊದಲ ದಿನ ಗೊತ್ತಾಗಲಿಲ್ಲ. ಹನ್ನೊಂದು ವರ್ಷ ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋದವರು ಅವರು. ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಸಾವಿರಾರು ಜನ ಮಾರ್ಚ್ ಬಿಸಿಲಲ್ಲಿ ಮಲ್ಲಯ್ಯನ, ಅಂದರೆ ಶ್ರೀಶೈಲದ ಮಲ್ಲಿಕಾರ್ಜುನನ, ಕಂಬಿ ಹೊತ್ತು ಹೊರಡುತ್ತಾರೆ, ಹತ್ತಿರ ಹತ್ತಿರ 400 ಕಿಲೋಮೀಟರ್ ನಡಿಗೆ. ಆ ವರ್ಷ ತೋಟ ಬಿಟ್ಟು ಹೋಗಲು ಆಗಲಿಲ್ಲ.

ಸಮಸ್ಯೆ ಕಣ್ಣಿಗೆ ಬಿದ್ದದ್ದು

ಮಾರ್ಚ್ ಕೊನೆಯ ವಾರದ ಒಂದು ಸೋಮವಾರ ಮಧ್ಯಾಹ್ನ ಅವರು ತೋಟದಲ್ಲಿ ಕುಸಿದು ಬಿದ್ದರು. ತಮ್ಮನೇ ಅವರನ್ನು ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ತಂದ. ಸಲೈನ್ ಹಾಕಿದರು, ಸಂಜೆಗೆ ಚೇತರಿಸಿಕೊಂಡರು. ಬಿಸಿಲಿನ ಪೆಟ್ಟು ಅಂತ ಎಲ್ಲರೂ ಅಂದುಕೊಂಡರು. ಆದರೆ ಡಾಕ್ಟರರು ನೀಲವ್ವನನ್ನು ಕೂರಿಸಿಕೊಂಡು ಕೇಳಿದಾಗ ಒಂದೊಂದೇ ಹೊರಬಂತು. ಮೂರು ವಾರದಿಂದ ನಿದ್ದೆ ಇಲ್ಲ. ಊಟ ಅರ್ಧ ರೊಟ್ಟಿಗೆ ಇಳಿದಿದೆ. ಸೋಮವಾರ ಸಂಜೆವರೆಗೆ ಹನಿ ನೀರೂ ಮುಟ್ಟುವುದಿಲ್ಲ. ಬಿಪಿ ಗುಳಿಗೆ ಬಿಟ್ಟಿದ್ದಾರೆ. ಕಾಲಿಗೆ ಚಪ್ಪಲಿ ಹಾಕುತ್ತಿಲ್ಲ. ಡಾಕ್ಟರರು ಆಪ್ತ ಸಮಾಲೋಚನೆ ಮಾಡುವ ನನಗೆ ಫೋನ್ ಮಾಡಿದರು.

ನಾನು ಮೊದಲ ಸಲ ಮಾತಾಡಿಸಿದಾಗ ಅವರು ಹೇಳಿದ್ದು ಇಷ್ಟೇ: "ಮಕ್ಕೊಂಡ್ರ ನಿದ್ದಿ ಹತ್ತವಲ್ದ್ರಿ ಅಕ್ಕಾರ. ಎದಿಮ್ಯಾಲ ಯಾರೋ ಕುಂತಂಗ ಆಗ್ತೈತಿ."

ಇಲ್ಲಿ ಮೈ ಮತ್ತು ಮನಸ್ಸನ್ನು ಬೇರೆ ಮಾಡಿ ನೋಡಬಾರದು. ನಿದ್ದೆ ಹತ್ತಬೇಕಾದರೆ ಮೈಯ ಒಳಗಿನ ಬಿಸಿ ಒಂದಿಷ್ಟು ಇಳಿಯಬೇಕು. ಈ ಮನೆ ಹತ್ತು ವರ್ಷದ ಹಿಂದೆ ಮೇಲ್ಮುದ್ದೆ (ಮಣ್ಣಿನ ಮಾಳಿಗೆ) ಕೆಡವಿ ಕಟ್ಟಿದ ಸ್ಲ್ಯಾಬಿನ ಮನೆ. ಹಗಲಿಡೀ ಕಾದ ಸ್ಲ್ಯಾಬು ಅರ್ಧ ರಾತ್ರಿವರೆಗೆ ಬಿಸಿ ಬಿಡುತ್ತಲೇ ಇರುತ್ತದೆ. ನಿದ್ದೆಗೆಟ್ಟ ಮನಸ್ಸು ಸಣ್ಣ ಮಾತಿಗೂ ಸಿಡಿಯುತ್ತದೆ, ಸಾಲದ ಲೆಕ್ಕವನ್ನು ನೂರು ಸಲ ಹಾಕುತ್ತದೆ. ಹಗಲು ನೀರು ಕಡಿಮೆಯಾದರೆ ತಲೆ ಸುತ್ತು, ಎದೆ ಬಡಿತ. ಆ ಎದೆ ಬಡಿತವನ್ನೇ ಮನಸ್ಸು ಹೆದರಿಕೆ ಅಂತ ಓದಿಕೊಳ್ಳುತ್ತದೆ. ಹೀಗೆ ಒಂದನ್ನೊಂದು ತಳ್ಳುತ್ತ ಹೋಗುತ್ತವೆ.

ಆ ದಿನ ನಾನು ಮಾಡಿದ ಒಂದು ಕೆಲಸ ಸರಿಯಾಗಿತ್ತು. ನೇರವಾಗಿ ಕೇಳಿದೆ: "ಅಣ್ಣಾರ, ಸಾಯಬೇಕು ಅನ್ನೂ ವಿಚಾರ ಬರ್ತದೇನ್ರಿ?" ಕೇಳಿದರೆ ಇಲ್ಲದ ವಿಚಾರ ತಲೆಗೆ ಹಾಕಿದಂತೆ ಆಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಬಹಳ ಸಲ ಅದು ಭಾರ ಇಳಿಸುತ್ತದೆ. ಅವರು ತುಂಬಾ ಹೊತ್ತು ನೆಲ ನೋಡಿದರು. ಆಮೇಲೆ, "ಹೋದ ವರ್ಷ ಮಲ್ಲಯ್ಯನ ಕಾಡಿನಾಗ ಉಳದ್ ಬಿಟ್ಟಿದ್ರ ಛಲೋ ಇತ್ತು ಅನಸ್ತೈತ್ರಿ" ಅಂದರು. ಯೋಜನೆ ಏನೂ ಇರಲಿಲ್ಲ, ಆದರೆ ವಿಚಾರ ಇತ್ತು. ಅಂದೇ ಸಂಜೆ ತಮ್ಮನಿಗೆ ಹೇಳಿ ತೋಟಕ್ಕೆ ಹೊಡೆಯುವ ಎಣ್ಣೆ, ಔಷಧವನ್ನೆಲ್ಲ ಅವನ ಮನೆಗೆ ಸಾಗಿಸಿ ಬೀಗ ಹಾಕಿಸಿದೆವು. ರಾತ್ರಿ ಒಬ್ಬರೇ ಇರಬಾರದು ಅಂತ ಮಾತಾಯಿತು. ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಮೂವರ ಮೊಬೈಲಿನಲ್ಲೂ ಹಾಕಿದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಅದು. ದುಡ್ಡು ಬೇಕಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ಮೊದಲು ಮಾಡಿದ್ದು, ಮತ್ತು ನನ್ನ ತಪ್ಪು

ಮೊದಲ ಎರಡು ಭೇಟಿಯಲ್ಲಿ ನಾನು ಕಲಿತ ಪಾಠವನ್ನು ಒಪ್ಪಿಸಿದೆ. ಉಸಿರಾಟದ ಅಭ್ಯಾಸ, ದಿನದ ವೇಳಾಪಟ್ಟಿ, ಚಿಂತೆಯನ್ನು ಹಾಳೆಯ ಮೇಲೆ ಬರೆಯುವುದು. ಅವರು ಎಲ್ಲಕ್ಕೂ ತಲೆಯಾಡಿಸಿದರು. ಮನೆಗೆ ಹೋಗಿ ಒಂದನ್ನೂ ಮಾಡಲಿಲ್ಲ.

ಮೂರನೆಯ ಭೇಟಿಯಲ್ಲಿ ಉಪವಾಸದ ಮಾತು ಬಂತು. ಯಾತ್ರೆ ತಪ್ಪಿದ್ದಕ್ಕೆ ದೇವರು ಮುನಿದಿದ್ದಾನೆ, ಅದಕ್ಕೇ ಬೋರ್ ಬತ್ತಿದವು ಅನ್ನುವುದು ಅವರ ಲೆಕ್ಕ. ಹೀಗಾಗಿ ಸೋಮವಾರದ ನೀರಿಲ್ಲದ ಉಪವಾಸ, ಬರಿಗಾಲು. ಗುಳಿಗೆಯನ್ನೂ ಆ ವ್ರತದಲ್ಲೇ ಸೇರಿಸಿದ್ದರು. ನಾನು ತಾಳ್ಮೆ ಕಳೆದುಕೊಂಡೆ. ಬೋರ್ ಬತ್ತಿದ್ದು ಜನವರಿಯಲ್ಲೇ, ಯಾತ್ರೆ ತಪ್ಪಿದ್ದು ಮಾರ್ಚಿನಲ್ಲಿ, ದೇವರಿಗೂ ಇದಕ್ಕೂ ಏನು ಸಂಬಂಧ ಅಂದುಬಿಟ್ಟೆ. ದಿನಾಂಕದ ಲೆಕ್ಕ ನನ್ನದು ಸರಿ ಇತ್ತು. ಆದರೆ ಅವರ ಕೈಯಲ್ಲಿ ಉಳಿದಿದ್ದ ಒಂದೇ ಆಸರೆಯನ್ನು ನಾನು ಕಿತ್ತುಕೊಳ್ಳಲು ಹೋಗಿದ್ದೆ. ಅವರು ಎದ್ದು ಕೈ ಮುಗಿದರು. "ಬರ್ತೀನ್ರಿ ಅಕ್ಕಾರ" ಅಂದರು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಆ ಹತ್ತು ದಿನ ನನಗೂ ನಿದ್ದೆ ಇರಲಿಲ್ಲ. ನೀಲವ್ವನಿಗೆ ದಿನಾ ಫೋನ್ ಮಾಡುತ್ತಿದ್ದೆ. "ಅದಾರ್ರಿ, ಹಂಗ ಅದಾರ" ಅನ್ನುತ್ತಿದ್ದರು. ಯುಗಾದಿಯ ದಿನ, ಏಪ್ರಿಲ್ 9ಕ್ಕೆ, ಬೇವು ಮಾಡಿದ್ದರಂತೆ. ನಮ್ಮ ಕಡೆ ಬೇವು ಅಂದರೆ ಎಲೆ ಬೆಲ್ಲ ಅಷ್ಟೇ ಅಲ್ಲ, ಬೇವಿನ ಹೂವು, ಮಾವಿನಕಾಯಿ, ಬೆಲ್ಲ, ಒಣದ್ರಾಕ್ಷಿ ಹಾಕಿ ಗಡಿಗೆಯಲ್ಲಿ ನೆನೆಹಾಕುವ ಪಾನಕ. ಆ ವರ್ಷ ಈರಪ್ಪಣ್ಣ ಬಟ್ಟಲು ಮುಟ್ಟಲಿಲ್ಲ. ನೀಲವ್ವ ಅತ್ತದ್ದು ಫೋನಿನಲ್ಲೇ ಕೇಳಿಸಿತು.

ತಿರುವು

ಯುಗಾದಿ ಕಳೆದ ವಾರ ನಾನೇ ಅವರ ಮನೆಗೆ ಹೋದೆ. ತಪ್ಪಾಯಿತು ಅನ್ನಲು ಹೋಗಿದ್ದೆ, ಬೇರೆ ಯಾವ ಯೋಜನೆಯೂ ಇರಲಿಲ್ಲ. ಪಡಸಾಲೆಯ ಗೋಡೆಗೆ ಒಂದು ಬೆತ್ತ ಒರಗಿಸಿತ್ತು. ಹಿಡಿಯುವ ಜಾಗ ನುಣ್ಣಗೆ ಸವೆದಿತ್ತು. ಸುಮ್ನೆ ಕೇಳಿದೆ, "ಇದು ಶ್ರೀಶೈಲಕ್ಕ ಹೋದ ಬಡಗೀನ್ರಿ?"

ಆಮೇಲೆ ಒಂದೂವರೆ ಗಂಟೆ ಅವರು ಮಾತಾಡಿದರು. ನಾನು ಅವರ ದನಿಯನ್ನು ನಿಜವಾಗಿ ಕೇಳಿದ್ದು ಅವತ್ತೇ.

ನಸುಕಿನ ಮೂರು ಗಂಟೆಗೆ ಏಳುವುದು. ಬಿಸಿಲು ಏರುವುದರೊಳಗೆ ಆ ದಿನದ ಹೆಚ್ಚಿನ ನಡಿಗೆ ಮುಗಿಸುವುದು. ಹತ್ತು ಗಂಟೆಗೆ ಗುಡಿಯೋ, ಶಾಲೆಯೋ, ಬೇವಿನ ಮರವೋ ಸಿಕ್ಕಲ್ಲಿ ಮಲಗುವುದು. ಇಳಿಹೊತ್ತಿಗೆ ಮತ್ತೆ ಹೊರಡುವುದು. ದಾರಿಯುದ್ದಕ್ಕೂ ಊರವರು ಅಂಬಲಿ, ಮಜ್ಜಿಗೆ, ರೊಟ್ಟಿ ಹಿಡಿದು ನಿಂತಿರುತ್ತಾರೆ. ಕಾಲಲ್ಲಿ ಬೊಕ್ಕೆ ಎದ್ದವರನ್ನು ಕೂರಿಸಿ ಬಿಸಿನೀರು ಹಾಕಿ ಎಣ್ಣೆ ತಿಕ್ಕುತ್ತಾರೆ. ಯಾರು, ಯಾವ ಜಾತಿ, ಕೇಳುವುದಿಲ್ಲ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಆತ್ಮಕೂರು ದಾಟಿದ ಮೇಲೆ ನಲ್ಲಮಲದ ಕಾಡು, ಭೀಮನ ಕೊಳ್ಳದ ಏರು.

"ಹೊಸಬರು ಮೊದಲನೇ ದಿನಾನ ಕೇಳ್ತಾರ್ರಿ, ಶ್ರೀಶೈಲ ಇನ್ನಾ ಎಷ್ಟ ದೂರ ಅಂತ. ಹಂಗ ಕೇಳಬಾರದು. ಕೇಳಿದ್ರ ಕಾಲ ಕೀಳೂದಿಲ್ಲ. ಮುಂದಿನ ಮುಕ್ಕಾಂ ಎಷ್ಟ ದೂರ ಐತಿ, ಅಷ್ಟ ಕೇಳಬೇಕು."

ಇದನ್ನು ಹೇಳಿದ ಮೇಲೆ ಅವರೇ ಸುಮ್ಮನಾದರು. ನಾನೂ ಏನೂ ಅನ್ನಲಿಲ್ಲ. ಹೊರಗೆ ಕಾಗೆ ಕೂಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕೇಳಿದೆ: "ಅಣ್ಣಾರ, ಈ ವರ್ಷದ ಯಾತ್ರಿ ತೋಟದಾಗ ನಡದೈತಿ ಅಂತ ತಿಳ್ಕೊಂಡ್ರ, ಮುಂದಿನ ಮುಕ್ಕಾಂ ಯಾವುದ್ರಿ?"

ಅವರು ಯೋಚಿಸಿ ಹೇಳಿದರು: "ಶೆಡ್ಡಿನಾಗಿನ ಮಾಲು ಒಣಗೂ ತನಕರಿ. ಇನ್ನಾ ಒಂದ್ ವಾರ."

ಆರು ಲಕ್ಷ ಸಾಲ, ಮುಂದಿನ ಬೆಳೆ, ಬತ್ತಿದ ಬೋರ್, ಮೊಮ್ಮಗಳ ಜಾವಳ, ಇಷ್ಟನ್ನೂ ಒಟ್ಟಿಗೆ ಹೊತ್ತು ಕೂತಿದ್ದ ಮನುಷ್ಯ ಒಂದು ವಾರದ ಮಾತು ಆಡಿದ್ದು ಅದೇ ಮೊದಲು. ಬೇಸಿಗೆಯನ್ನು ದಾಟುವ ವಿದ್ಯೆ ಅವರಿಗೆ ಮೊದಲೇ ಬರುತ್ತಿತ್ತು. ಹನ್ನೊಂದು ವರ್ಷ ಅದನ್ನೇ ಮಾಡಿದ್ದರು. ನಾನು ಹಾಳೆಯ ಮೇಲೆ ಬರೆದುಕೊಟ್ಟ ವೇಳಾಪಟ್ಟಿಗೂ ಪಾದಯಾತ್ರೆಯ ದಿನಕ್ಕೂ ಹೆಚ್ಚು ಫರಕು ಇರಲಿಲ್ಲ. ಆದರೆ ಹಾಳೆ ನನ್ನದು, ಯಾತ್ರೆ ಅವರದು.

ಅವತ್ತೇ ಇಬ್ಬರೂ ಕೂತು ದಿನವನ್ನು ಹೊಸದಾಗಿ ಕಟ್ಟಿದೆವು. ನಸುಕಿನ ನಾಲ್ಕಕ್ಕೆ ಏಳುವುದು, ಸ್ನಾನ, ಇಷ್ಟಲಿಂಗ ಪೂಜೆ. ಅಂಗೈಯಲ್ಲಿ ಲಿಂಗ ಇಟ್ಟು ನೋಟ ನಿಲ್ಲಿಸಿ ಕೂರುವ ಆ ಹೊತ್ತು ನಾನು ಹೇಳಿಕೊಟ್ಟ ಉಸಿರಾಟಕ್ಕಿಂತ ಎಷ್ಟೋ ಮೇಲು. ಆ ಪೂಜೆಯನ್ನು ಅವರು ತಿಂಗಳಿಂದ ಬಿಟ್ಟಿದ್ದರು, ನನಗೆ ಅರ್ಹತೆ ಇಲ್ಲ ಅಂತ. ಐದರಿಂದ ಹತ್ತರವರೆಗೆ ತೋಟ. ಹತ್ತರಿಂದ ನಾಲ್ಕು ಕಡ್ಡಾಯವಾಗಿ ನೆರಳು. ಸ್ಲ್ಯಾಬಿನ ಮೇಲೆ ಸುಣ್ಣ ಬಳಿಯುವುದು. ರಾತ್ರಿ ಅಂಗಳದಲ್ಲಿ ಹೊರಸು, ಪಕ್ಕದಲ್ಲಿ ತಮ್ಮನ ಹೊರಸು. ನೀಲವ್ವ ಬೆಳಗ್ಗೆ ಮೊಬೈಲಿನಲ್ಲಿ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಪ್ರವಚನ ಹಚ್ಚುತ್ತಿದ್ದರು. 2023ರ ಜನವರಿ 2ರಂದು ಸ್ವಾಮಿಗಳು ಲಿಂಗೈಕ್ಯರಾದ ಮೇಲೂ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳ ಬೆಳಗು ಆ ದನಿಯಿಂದಲೇ ಆಗುತ್ತದೆ. ಈರಪ್ಪಣ್ಣ ಅದನ್ನು ಬೇಡ ಅನ್ನಲಿಲ್ಲ. ಅದೇ ದೊಡ್ಡ ಸುದ್ದಿ ಅನ್ನಿಸಿತು.

ಗುಳಿಗೆಯ ಪ್ರಶ್ನೆ

ಉಪವಾಸ ಮಾತ್ರ ಹಾಗೇ ಉಳಿದಿತ್ತು. ಅದರ ಬಗ್ಗೆ ನಾನು ಇನ್ನು ಬಾಯಿ ತೆರೆಯಬಾರದು ಅಂತ ನಿರ್ಧರಿಸಿದ್ದೆ. ಹೇಳಬೇಕಾದವರು ಬೇರೆ.

ಅವರ ಮನೆತನದ ಮಠದ ಅಜ್ಜಾರ (ಸ್ವಾಮಿಗಳ) ಹತ್ತಿರ ನೀಲವ್ವ ಮತ್ತು ತಮ್ಮ ಮೊದಲು ಹೋಗಿ ವಿಷಯ ತಿಳಿಸಿದರು. ಆಮೇಲೆ ಈರಪ್ಪಣ್ಣನನ್ನು ಕರೆದುಕೊಂಡು ಹೋದರು. ಅಜ್ಜಾರು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲವಂತೆ. "ಯಾತ್ರೆಯೊಳಗ ನೀರು ಕೊಟ್ಟವರ ಕೈ ಯಾರದು?" ಅಂತ ಕೇಳಿದರಂತೆ. ಮಲ್ಲಯ್ಯನದು ಅಂದರಂತೆ ಇವರು. "ಹಂಗಾರ ಗುಳಿಗಿ ಕೊಟ್ಟ ಡಾಕ್ಟರ್ ಕೈ ಯಾರದಪಾ?"

ನಾನು ಅಲ್ಲಿರಲಿಲ್ಲ. ಆದರೆ ಈರಪ್ಪಣ್ಣ ಇದನ್ನು ನನಗೆ ಮೂರು ಸಲ ಹೇಳಿದ್ದಾರೆ, ಪ್ರತಿ ಸಲವೂ ಕಣ್ಣು ತುಂಬಿಕೊಂಡು.

ಅದೇ ವಾರ ಟ್ಯಾಂಕರ್ ತರುವ ಡ್ರೈವರ್ ಮಾಮಾ ಕೂಡ ಒಂದು ಮಾತು ಹೇಳಿದ್ದ. ರಂಜಾನ್ ಆಗತಾನೇ ಮುಗಿದಿತ್ತು. ತನಗೆ ಸಕ್ಕರೆ ಕಾಯಿಲೆ ಇರುವುದರಿಂದ ಈ ಸಲ ರೋಜಾ ಹಿಡಿಯಲಿಲ್ಲ, ಬೀಮಾರಿ ಇದ್ದವರಿಗೆ ನಮ್ಮಲ್ಲೂ ಮಾಫಿ ಇದೆ ಅಂತ ಮಾತಿಗೆ ಮಾತು ಬಂದು ಹೇಳಿದ. ಯಾವುದು ಹೆಚ್ಚು ನಾಟಿತೋ ಹೇಳಲಾರೆ. ಈರಪ್ಪಣ್ಣ ಗುಳಿಗೆ ಶುರು ಮಾಡಿದರು. ಸೋಮವಾರ ಒಪ್ಪೊತ್ತು ಊಟ, ಆದರೆ ನೀರು, ಮಜ್ಜಿಗೆ ಎಷ್ಟು ಬೇಕಾದರೂ. ಅವರ ಗುಳಿಗೆಯಲ್ಲಿ ಮೂತ್ರ ಜಾಸ್ತಿ ಮಾಡಿಸುವ ಔಷಧವೂ ಸೇರಿತ್ತು. ಬಿಸಿಲಲ್ಲಿ ನೀರು ಕುಡಿಯದೆ ಅಂಥದ್ದನ್ನು ನುಂಗಿದರೆ ತಲೆ ಸುತ್ತು ಬರಬಹುದು. ಹೀಗಾಗಿ ಡಾಕ್ಟರರು ಮತ್ತೆ ಬಿಪಿ ನೋಡಿ ಗುಳಿಗೆ ಬದಲಿಸಿದರು, ಮಜ್ಜಿಗೆಗೆ ಉಪ್ಪು ಎಷ್ಟು ಅಂತಲೂ ಹೇಳಿದರು. ಇದನ್ನು ಯಾರೂ ತಾವಾಗಿ ಬದಲಿಸಿಕೊಳ್ಳಬಾರದು.

ಅಡ್ಡ ಮಳೆಯ ರಾತ್ರಿ

ಇಷ್ಟಾದ ಮೇಲೆ ಎಲ್ಲ ಸುಸೂತ್ರವಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಏಪ್ರಿಲ್ ಮೂರನೇ ವಾರ ಒಂದು ಸಂಜೆ ಧೂಳು ಎದ್ದಿತು. ಹಿಂದೆಯೇ ಗುಡುಗು, ಗಾಳಿ, ಅಡ್ಡ ಮಳೆ. ಶೆಡ್ಡಿನ ಒಂದು ಬದಿಯ ತಾಡಪಾಲು ಕಿತ್ತು ಹೋಯಿತು. ಕೊನೆಯ ಲಾಟಿನ ಒಣದ್ರಾಕ್ಷಿಯಲ್ಲಿ ಮೂರನೇ ಒಂದು ಪಾಲು ನೆನೆಯಿತು. ಬೋರ್ ತುಂಬುವಷ್ಟು ಮಳೆ ಅಲ್ಲ, ಮಾಲು ಕೆಡುವಷ್ಟು ಮಳೆ. ಎರಡು ದಿನ ಕಳೆದಿದ್ದರೆ ಆ ಮಾಲು ಕೋಲ್ಡ್ ಸ್ಟೋರೇಜ್ ಸೇರುತ್ತಿತ್ತು.

ಅವತ್ತು ರಾತ್ರಿ ಹನ್ನೊಂದೂವರೆಗೆ ಅವರು ಅಂಗಳದಿಂದ ಎದ್ದು ತೋಟದ ಕಡೆ ನಡೆದರು. ತಮ್ಮನಿಗೆ ಎಚ್ಚರ ಆಗಲಿಲ್ಲ. ಅರ್ಧ ದಾರಿಗೆ ಹೋಗಿ, ಅವರೇ ನಿಂತು, ತಮ್ಮನಿಗೆ ಫೋನ್ ಮಾಡಿದರು. "ಬಾರೋ, ನನಗ ಒಬ್ಬಂವ್ಗ ಇರಾಕ ಆಗವಲ್ದು."

ಇಡೀ ಪ್ರಕರಣದಲ್ಲಿ ಬಹಳ ಮುಖ್ಯವಾದ ಘಳಿಗೆ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಮರುದಿನ ನಾನು ಕೇಳಿದೆ, ಫೋನ್ ಮಾಡಲು ಹೇಗೆ ಮನಸ್ಸು ಬಂತು ಅಂತ. ಪಾದಯಾತ್ರೆಯಲ್ಲಿ ಕಾಲು ಸೋತವನು ರಸ್ತೆ ಬದಿಗೆ ಕೂತು ಕೈ ಎತ್ತುತ್ತಾನಂತೆ. ಕೈ ಎತ್ತದೆ ಕೂತರೆ ಹಿಂದಿನವರಿಗೆ ಗೊತ್ತಾಗುವುದಿಲ್ಲ, ಕತ್ತಲಲ್ಲಿ ದಾಟಿ ಹೋಗಿಬಿಡುತ್ತಾರೆ. "ಕೈ ಎತ್ತಿದ್ನಿ ಅಷ್ಟರಿ" ಅಂದರು.

ಆಮೇಲೆ ಎರಡು ವಾರ ಮತ್ತೆ ನಿದ್ದೆ ಕೆಟ್ಟಿತು. ಮಾನಸಿಕ ರೋಗದ ಡಾಕ್ಟರರಿಗೂ ತೋರಿಸಿದೆವು, ಸ್ವಲ್ಪ ದಿನದ ಔಷಧ ಕೊಟ್ಟರು. ಆ ಹೊತ್ತಿಗೆ ಗುಳಿಗೆಯ ಜೊತೆ ಜಗಳ ಮುಗಿದಿತ್ತು, ತಕರಾರಿಲ್ಲದೆ ತೆಗೆದುಕೊಂಡರು.

ಒಂದೂವರೆ ಎಕರೆ

ಸಾಲ ಮತ್ತು ನೀರಿನ ಮಾತು ಮತ್ತೆ ಎದ್ದದ್ದು ಆಗಲೇ. ನಾಲ್ಕೂ ಎಕರೆಗೆ ಟ್ಯಾಂಕರ್ ಹಾಕಿಸುವುದು ಆಗದ ಕೆಲಸ ಅಂತ ಎಲ್ಲರಿಗೂ ಗೊತ್ತಿತ್ತು. ಒಪ್ಪಿಕೊಳ್ಳಲು ಯಾರಿಗೂ ಧೈರ್ಯ ಇರಲಿಲ್ಲ. ಪಕ್ಕದ ಊರಿನ ಅನುಭವಿ ಬೆಳೆಗಾರರೊಬ್ಬರನ್ನು ತಮ್ಮ ಕರೆದುಕೊಂಡು ಬಂದ. ಅವರು ತೋಟ ಸುತ್ತಿ ಹೇಳಿದ್ದು: ನೀರು ಸಿಗುವ ಒಂದೂವರೆ ಎಕರೆಯನ್ನು ಸರಿಯಾಗಿ ನೋಡಿಕೊಳ್ಳಿ, ಉಳಿದದ್ದರಲ್ಲಿ ಬಳ್ಳಿ ಜೀವ ಹಿಡಿದರೆ ಸಾಕು ಅನ್ನಿ. ಬುಡಕ್ಕೆ ಕಬ್ಬಿನ ರವದಿ (ಒಣಗಿದ ಗರಿ) ಮುಚ್ಚಿ, ಡ್ರಿಪ್ ರಾತ್ರಿ ಬಿಡಿ.

ಅವರು ಇನ್ನೊಂದು ಮಾತು ಹೇಳಿದರು. ಅದನ್ನು ಕೇಳುವಾಗ ನಾನೂ ಬದುವಿನ ಮೇಲೆ ನಿಂತಿದ್ದೆ. ಏಪ್ರಿಲ್ ಚಾಟ್ನಿ ಆಗಿ ನಲವತ್ತು, ಅರವತ್ತು ದಿನದ ಹೊತ್ತಿಗೆ ಹೊಸ ಕಡ್ಡಿಯ ಕಣ್ಣಿನೊಳಗೆ ಮುಂದಿನ ವರ್ಷದ ಗೊಂಚಲು ಕಟ್ಟುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಅದಕ್ಕೆ ಬೇಕಾಗಿರುವುದು ಈ ಬಿಸಿಲೇ. ಆ ದಿನಗಳಲ್ಲಿ ಮೋಡ ಕವಿದು ಕೂತರೆ ಕಣ್ಣಲ್ಲಿ ಗೊಂಚಲಿನ ಬದಲು ಬರೀ ಬಳ್ಳಿ ಬರುವುದು ಜಾಸ್ತಿ.

ಈರಪ್ಪಣ್ಣ ಇಪ್ಪತ್ತು ವರ್ಷದ ಬೆಳೆಗಾರ. ಇದು ಅವರಿಗೆ ಗೊತ್ತಿಲ್ಲದ ವಿಷಯ ಅಲ್ಲ. ಆದರೂ ಅವತ್ತು ಒಂದು ಕಡ್ಡಿ ಹಿಡಿದು ತುಂಬಾ ಹೊತ್ತು ನೋಡುತ್ತ ನಿಂತರು. ಆಶೆ ಅನ್ನುವ ಮಾತನ್ನು ನಾನು ಅವರ ಮುಂದೆ ಒಂದು ಸಲವೂ ಆಡಿರಲಿಲ್ಲ. ಆ ಕಡ್ಡಿ ಕೈಯಲ್ಲಿರುವಾಗ ಆಡುವ ಅಗತ್ಯವೂ ಬೀಳಲಿಲ್ಲ.

ಸೊಸೈಟಿಗೆ ತಮ್ಮನ ಜೊತೆ ಹೋದರು. ಬರ ಘೋಷಣೆಯಾದ ತಾಲೂಕುಗಳಲ್ಲಿ ಬೆಳೆ ಸಾಲವನ್ನು ಕಂತಿನ ಸಾಲವಾಗಿ ಮಾಡಿಕೊಡುವ ಅವಕಾಶ ಇರುತ್ತದೆ, ಆದರೆ ಹೋಗಿ ಕೇಳಬೇಕು, ಅರ್ಜಿ ಕೊಡಬೇಕು. ಮೂರು ಸಲ ಓಡಾಡಿದ ಮೇಲೆ ಅದು ಆಯಿತು. ಕೈಗಡದವರಲ್ಲಿ ಒಬ್ಬರು ಒಂದು ವರ್ಷ ತಡೆದರು, ಇನ್ನೊಬ್ಬರು ತಡೆಯಲಿಲ್ಲ. ನೀಲವ್ವನ ಎರಡು ತೊಲ ಬಂಗಾರ ಹೋಯಿತು. ಅದನ್ನು ನೆನೆದರೆ ನನಗೆ ಈಗಲೂ ಸಂಕಟ.

ಅರವಟ್ಟಿಗೆ

ಮೇ 10ಕ್ಕೆ ಬಸವ ಜಯಂತಿ ಇತ್ತು. ಅದಕ್ಕೆ ನಾಲ್ಕು ದಿನ ಮೊದಲು ಈರಪ್ಪಣ್ಣ ತಾವಾಗಿಯೇ ಹೇಳಿದರು, ಬಸ್ ಸ್ಟ್ಯಾಂಡ್ ಹತ್ತಿರ ಅರವಟ್ಟಿಗೆ ಇಡುತ್ತೇನೆ ಅಂತ. ನೀರಿಲ್ಲದ ಮನೆಯವರು ನೀರು ಹಂಚುವುದೇ ಅಂತ ನೀಲವ್ವ ಗಾಬರಿಯಾದರು. ನನಗೂ ಅನುಮಾನವಿತ್ತು. ಇದು ಇನ್ನೊಂದು ಹರಕೆಯಾಗಿ ಮೈ ದಂಡಿಸುವ ದಾರಿ ಆಗಬಾರದಲ್ವಾ? ಹೀಗಾಗಿ ಒಂದೇ ಷರತ್ತು ಹಾಕಿದೆ: ಹನ್ನೊಂದು ಗಂಟೆಗೆ ಅವರು ಮನೆಗೆ ಬರಬೇಕು, ಆಮೇಲೆ ಬೇರೆಯವರು ನಿಲ್ಲಬೇಕು.

ನಾಲ್ಕು ಮಣ್ಣಿನ ಹರವಿ, ಒದ್ದೆ ಗೋಣಿಚೀಲ, ಬೇವಿನ ನೆರಳು. ಒಂದು ಹರವಿ ನೀರು ಟ್ಯಾಂಕರ್ ಮಾಮಾ ಕೊಟ್ಟ, ಎರಡು ಶಾಲೆಯ ಬೋರಿನಿಂದ ಬಂತು. ಮಜ್ಜಿಗೆ ಓಣಿಯ ಹೆಂಗಸರು ಸರದಿ ಹಾಕಿಕೊಂಡು ಕೊಟ್ಟರು. ಮೊದಲ ಎರಡು ದಿನ ಈರಪ್ಪಣ್ಣನಿಗೆ ತುಂಬಾ ನಾಚಿಕೆ. ಸಾಲ ಕೊಟ್ಟವರು ಅದೇ ದಾರಿಯಲ್ಲಿ ಓಡಾಡುತ್ತಾರೆ. ಮೂರನೇ ದಿನದಿಂದ ಜನರ ಮುಖ ನೋಡಿ ಮಾತಾಡತೊಡಗಿದರು. ಬಸ್ಸಿನಿಂದ ಇಳಿದ ಒಬ್ಬ ಮುದುಕಿ ಎರಡು ಚೆರಗಿ ನೀರು ಕುಡಿದು, "ನಿನ್ನ ಹೊಟ್ಟಿ ತಣ್ಣಗಿರಲಿ ಮಗನ" ಅಂದಳಂತೆ. ಆ ರಾತ್ರಿ ಐದು ಗಂಟೆ ಒಂದೇ ಸಮ ನಿದ್ದೆ ಮಾಡಿದರು. ಫೋನಿನಲ್ಲಿ ಅವರು ನನಗೆ ಹೇಳಿದ ಮೊದಲ ಒಳ್ಳೆಯ ಸುದ್ದಿ ಇದು.

ನನಗೆ ತಿಳಿದದ್ದು

ಈ ಪ್ರಕರಣದಲ್ಲಿ ಭಕ್ತಿ ಎರಡು ಸಲ ಬಂತು. ಮೊದಲು ಬಂದದ್ದು ಅಪರಾಧದ ರೂಪದಲ್ಲಿ: ನಾನು ತಪ್ಪು ಮಾಡಿದೆ, ದೇವರು ಮುನಿದ, ಮೈ ದಂಡಿಸಬೇಕು, ಬಾಯಿ ಮುಚ್ಚಿಕೊಂಡು ಅನುಭವಿಸಬೇಕು. ಎರಡನೆಯದು ದಾರಿಯ ರೂಪದಲ್ಲಿ: ಬೆಳಗ್ಗೆ ಎದ್ದು ಇಷ್ಟು ನಡೆ, ಬಿಸಿಲಲ್ಲಿ ನಿಲ್ಲು, ಕೊಟ್ಟ ನೀರು ಕುಡಿ, ಸೋತರೆ ಕೈ ಎತ್ತು. ದೇವರು ಒಬ್ಬನೇ, ಭಕ್ತನೂ ಒಬ್ಬನೇ. ನಾನು ಮೊದಲನೆಯದನ್ನು ನೋಡಿ ಭಕ್ತಿಯೇ ತೊಂದರೆ ಅಂದುಕೊಂಡೆ. ಹೊರಗಿನವಳಾಗಿ ಅದನ್ನು ವಾದದಿಂದ ಬಿಡಿಸಲು ಹೋದೆ. ಅದು ಬಿಡುವುದಿಲ್ಲ, ಇನ್ನೂ ಬಿಗಿಯಾಗುತ್ತದೆ. ಅದನ್ನು ಸಡಿಲಿಸಿದ್ದು ಅದೇ ನಂಬಿಕೆಯ ಒಳಗಿನ ಅಜ್ಜಾರ ಒಂದು ಪ್ರಶ್ನೆ.

ಹಾಗಂತ ಪೂಜೆಯಿಂದಲೇ ಗುಣವಾಯಿತು ಅಂತ ನಾನು ಹೇಳುತ್ತಿಲ್ಲ. ಸುಣ್ಣ ಬಳಿದ ಸ್ಲ್ಯಾಬು, ಅಂಗಳದ ಹೊರಸು, ಬದಲಿಸಿದ ಗುಳಿಗೆ, ಬೀಗ ಹಾಕಿದ ಔಷಧದ ಕೋಣೆ, ಕಂತಾದ ಸಾಲ, ಇವುಗಳಲ್ಲಿ ಒಂದನ್ನು ತೆಗೆದರೂ ಕತೆ ಬೇರೆಯಾಗುತ್ತಿತ್ತು. ಆದರೆ ಇವೆಲ್ಲವನ್ನೂ ಒಪ್ಪಿಕೊಳ್ಳುವ ಮನಸ್ಸು ಬಂದದ್ದು ಪಾದಯಾತ್ರೆಯ ನೆನಪಿನಿಂದ. ಹೊಸಬರಿಗೆ ನಾನು ಈಗ ಇದನ್ನೇ ಹೇಳುತ್ತೇನೆ: ಎದುರಿಗೆ ಕೂತವರು ಹಿಂದೆ ಯಾವ ಕಷ್ಟದ ದಾರಿ ನಡೆದಿದ್ದಾರೆ ಅಂತ ಮೊದಲು ಕೇಳಿ. ಪಾದಯಾತ್ರೆ ಇರಬಹುದು, ರೋಜಾ ಇರಬಹುದು, ಹಡೆದ ಮನೆಯ ಬಾಣಂತನ ಇರಬಹುದು. ಮತ್ತು ಅವರ ಮನೆಗೆ ಹೋಗಿ. ಆಸ್ಪತ್ರೆಯ ಕುರ್ಚಿಯಲ್ಲಿ ಕೂತಿದ್ದರೆ ಆ ಬೆತ್ತ ನನಗೆ ಯಾವತ್ತೂ ಕಾಣುತ್ತಿರಲಿಲ್ಲ.

ಆಮೇಲೆ

ಜೂನಿನಲ್ಲಿ ಮೃಗಶಿರಾ ಮಳೆ ಬಿತ್ತು. ಒಂದು ಬೋರಿಗೆ ನೀರು ಬಂತು. ಉಳಿದ ಎರಡೂವರೆ ಎಕರೆಯಲ್ಲಿ ನೂರಾರು ಬಳ್ಳಿ ಸತ್ತಿದ್ದವು. ಅಷ್ಟು ಜಾಗದಲ್ಲಿ ತೊಗರಿ ಬಿತ್ತಿದರು. 

ಅಕ್ಟೋಬರ್ ಚಾಟ್ನಿಗೆ ಮೊದಲು ಒಂದೂವರೆ ಎಕರೆಯ ಕಡ್ಡಿಗಳನ್ನು ಪರೀಕ್ಷೆಗೆ ಒಯ್ದರು. ಕಣ್ಣನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಎಷ್ಟನೇ ಕಣ್ಣಿನಲ್ಲಿ ಗೊಂಚಲು ಇದೆ ಅಂತ ಹೇಳುತ್ತಾರೆ. ಅಲ್ಲಿಂದಲೇ ಫೋನ್ ಬಂತು. "ಅಕ್ಕಾರ, ಐತ್ರಿ. ನಾನ ಕಣ್ಣೀಲೆ ನೋಡಿದ್ನಿ. ಸಾಸವಿ ಕಾಳಿಗಿಂತ ಸಣ್ಣದು."

2025ರ ಯುಗಾದಿ ಮಾರ್ಚ್ 30ಕ್ಕಿತ್ತು. ಆ ಸಲ ಮನೆಯಿಂದ ನಡೆಯಲಿಲ್ಲ. ಡಾಕ್ಟರರನ್ನು ಕೇಳಿ, ಆತ್ಮಕೂರಿನವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ನಡೆದರು. ತಮ್ಮನೂ ಜೊತೆಗೆ ಹೋದ. ಹೊರಡುವ ದಿನ ನೀಲವ್ವ ಜೋಳಿಗೆಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಓಆರ್‌ಎಸ್ ಪುಡಿ ಇಟ್ಟರು. ಗುಳಿಗೆಯ ಡಬ್ಬಿ ಇಡಲು ಹೋದಾಗ ಈರಪ್ಪಣ್ಣ ಅದನ್ನು ಕೈಯಿಂದ ಇಸಿದುಕೊಂಡು, ವಿಭೂತಿ ಗಟ್ಟಿಯ ಜೊತೆ ಅಂಗಿಯ ಮೇಲಿನ ಕಿಸೆಗೆ ಹಾಕಿಕೊಂಡರು.